ತಳ ಸಿಗದ ಮೆಟ್ಟಿಲು

ಓದುವವಳಿಗೆ ಏನೂ ಗೊತ್ತಿರಬಾರದು, ಬರೆಯುವವಳಿಂದ ಏನೂ ಗೊತ್ತಾಗಬಾರದು. ಬಾಲ್ಟಿಮೋರಿನ ಆ ಪ್ರಯೋಗಶಾಲೆಯ ನೆಲಮಾಳಿಗೆಯಲ್ಲಿ ಹೆಂಗಸರು ನಡೆಸಿಕೊಂಡು ಬಂದ ಕಟ್ಟಳೆ ಇದು. ಯಾರೂ ಇದನ್ನು ಬರೆದು ಗೋಡೆಗೆ ಅಂಟಿಸಿರಲಿಲ್ಲ. ಹತ್ತೊಂಬತ್ತು ವರ್ಷದ ಹಿಂದೆ ಹೆಟ್ಟಿ ಕ್ವಾರ್ಲ್ಸ್ ಇದನ್ನು ವರ್ನಾ ಲಿಂಡ್ವಾಲ್‌ಗೆ ಹೇಳಿದ್ದಳು. ಈ ಜನವರಿಯಲ್ಲಿ ವರ್ನಾ ಅದನ್ನೇ ಕಾರ್ಮೆಲಾ ಡುಡೆಕ್‌ಗೆ ಹೇಳಿದಳು.

"ಪೆನ್ನು ನಿಲ್ಲಬಾರದು," ಎಂದಿದ್ದಳು ಹೆಟ್ಟಿ ಆಗ. "ನೀನು ನಿಟ್ಟುಸಿರು ಬಿಟ್ಟರೂ ನನಗೆ ಕೇಳಿಸುತ್ತೆ. ಎಲ್ಲಿ ಗೆರೆ ಬೇಕು ಅಂತ ನಿನಗೆ ಆಸೆ ಇದೆ ಅನ್ನೋದು ನನಗೆ ತಿಳಿದುಬಿಟ್ಟರೆ, ನನ್ನ ಕಣ್ಣು ಅಲ್ಲೊಂದು ಗೆರೆ ಮಾಡಿಕೊಂಡುಬಿಡುತ್ತೆ. ಕಣ್ಣಿನಷ್ಟು ಉಪಕಾರಿ ಪ್ರಾಣಿ ಇನ್ನೊಂದಿಲ್ಲ ಕಣೇ."

ಏಪ್ರಿಲ್ ತಿಂಗಳ ಮಂಗಳವಾರ ಬೆಳಿಗ್ಗೆ ಕಾರ್ಮೆಲಾ ಸೂಕ್ಷ್ಮದರ್ಶಕಕ್ಕೆ ಒಂದು ಕಣ್ಣು ಅಂಟಿಸಿ, ಬಲಗೈಯಲ್ಲಿ ತಿರುಪು ಹಿಡಿದು ಕೂತಿದ್ದಳು. ನಲವತ್ತು ದಾಟಿದ ವಿಧವೆ, ಮೊದಲು ನಕಾಶೆ ವಿಭಾಗದಲ್ಲಿದ್ದವಳು, ಬಾಯಿಗೆ ಬಿಡುವಿಲ್ಲ. ಕಣ್ಣಿನ ಕೆಳಗೆ ಉದ್ದನೆಯ ಗಾಜಿನ ಪ್ಲೇಟು, ಪ್ಲೇಟಿನ ಮೇಲೆ ನೂರಾರು ಕಪ್ಪು ಗೆರೆ. ಒಂದೊಂದೇ ಗೆರೆಯನ್ನು ಮಸೂರದೊಳಗಿನ ಕೂದಲೆಳೆಯಂಥ ಅಡ್ಡತಂತಿಯ ಕೆಳಗೆ ತಂದು ನಿಲ್ಲಿಸಿ ಅದು ಎಷ್ಟನೆಯ ಮಿಲಿಮೀಟರಿನಲ್ಲಿದೆ ಎಂದು ಅವಳು ಓದಬೇಕು, ವರ್ನಾ ಬರೆದುಕೊಳ್ಳಬೇಕು.

"ನೂರ ಹದಿನಾರು, ಬಿಂದು ಒಂಬತ್ತು ಸೊನ್ನೆ ಎರಡು. ತೆಳ್ಳಗಿದೆ."

"ಹೂಂ."

"ನೂರ ಹದಿನೇಳು, ಬಿಂದು ನಾಲ್ಕು ನಾಲ್ಕು ಒಂದು. ದಪ್ಪ. ನಮ್ಮತ್ತೆ ಥರ."

"ಅತ್ತೆ ಬೇಡ. ಸಂಖ್ಯೆ ಸಾಕು."

"ಅತ್ತೇನೂ ಹೀಗೇ, ಕರೀದೆ ಬರ್ತಿದ್ದಳು," ಎಂದು ಕಾರ್ಮೆಲಾ ತಿರುಪು ತಿರುವಿದಳು.

ಮುಂದೆ ಬರಬೇಕಾದದ್ದು ನೂರ ಹದಿನೆಂಟು, ಬಿಂದು ಆರು ಮೂರು. ವರ್ನಾ ಅದನ್ನು ಹಿಂದಿನ ದಿನವೇ ಲೆಕ್ಕ ಹಾಕಿ ಚೀಟಿಯಲ್ಲಿ ಬರೆದು ಮೇಜಿನ ಖಾನೆಯೊಳಗೆ ಇಟ್ಟಿದ್ದಳು. ಖಾನೆಗೆ ಬೀಗ ಹಾಕಿದ್ದಳು. ಬೀಗದ ಕೈ ಉಣ್ಣೆ ಅಂಗಿಯ ಜೇಬಿನಲ್ಲಿತ್ತು.

"ನೂರ ಇಪ್ಪತ್ತು, ಬಿಂದು ಒಂದು ಐದು ಎಂಟು," ಎಂದಳು ಕಾರ್ಮೆಲಾ.

ವರ್ನಾ ಬರೆದಳು. ಪೆನ್ನು ನಿಲ್ಲಲಿಲ್ಲ. ಒಂದು, ಎರಡು, ಸೊನ್ನೆ, ಬಿಂದು, ಒಂದು, ಐದು, ಎಂಟು. ಇನ್ನೊಮ್ಮೆ ಹಿಂದಕ್ಕೆ ಹೋಗಿ ನೋಡು ಎಂದು ಹೇಳುವ ಹಾಗಿರಲಿಲ್ಲ. ಹಾಗೆ ಹೇಳಿದರೆ ಖಾನೆಯ ಬೀಗ ತೆಗೆದು ಚೀಟಿಯನ್ನು ಅವಳ ಮುಂದೆ ಹಿಡಿದಂತೆಯೇ.

ಅವರು ಬೆನ್ನು ಹತ್ತಿದ್ದದ್ದು ಒಂದು ಅಪರೂಪದ ಲೋಹವನ್ನು. ಮರಳಿನಿಂದ ಹಿಂಡಿ ತೆಗೆದ ಬೂದುಬಣ್ಣದ ಪುಡಿ, ಒಂದು ಚಿಕ್ಕ ಸೀಸೆಯಷ್ಟು. ಪುಸ್ತಕದಲ್ಲಿ ಅದಕ್ಕೆ ದೊಡ್ಡ ಹೆಸರಿದೆ, ಆದರೆ ಹೆಟ್ಟಿ ಅದಕ್ಕೆ ಇಟ್ಟ ಹೆಸರು ಮೊಂಡಿ. ಆ ಪುಡಿಯನ್ನು ವಿದ್ಯುತ್ತಿನ ಕಿಡಿಯಲ್ಲಿ ಸುಟ್ಟರೆ ಅದರ ಪರಮಾಣುವಿನೊಳಗಿನ ಎಲೆಕ್ಟ್ರಾನು ತಾನಿದ್ದ ಮೆಟ್ಟಿಲು ಬಿಟ್ಟು ಮೇಲಿನ ಯಾವುದೋ ಮೆಟ್ಟಿಲಿಗೆ ಹಾರುತ್ತದೆ. ಅಲ್ಲಿ ನಿಲ್ಲಲಾರದು. ಕಣ್ಣು ಮಿಟುಕಿಸುವುದರ ಲಕ್ಷದ ಒಂದು ಪಾಲು ಹೊತ್ತು ನಿಂತರೆ ಹೆಚ್ಚು, ಮತ್ತೆ ಕೆಳಗಿನ ಯಾವುದಾದರೂ ಮೆಟ್ಟಿಲಿಗೆ ಬೀಳುತ್ತದೆ. ಬೀಳುವಾಗ ಬಿಡುವ ಬೆಳಕೇ ಫೋಟೋ ಪ್ಲೇಟಿನ ಮೇಲೆ ಮೂಡುವ ಗೆರೆ. ಏರಿದ್ದು ಯಾರಿಗೂ ಕಾಣುವುದಿಲ್ಲ, ಬಿದ್ದದ್ದು ಮಾತ್ರ ಕಾಣುತ್ತದೆ. ಎಷ್ಟು ಎತ್ತರದಿಂದ ಬಿತ್ತು ಎಂದು ಸಾವಿರಾರು ಸಲ ಅಳೆದು, ಯಾರೂ ಕಾಣದ ಆ ಮೆಟ್ಟಿಲುಗಳನ್ನು ಕಾಗದದ ಮೇಲೆ ಕಟ್ಟುವುದು ಈ ಹೆಂಗಸರ ಕೆಲಸ. ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲು, ಯಾರೂ ಕೆಣಕದೆ ಇದ್ದಾಗ ಎಲೆಕ್ಟ್ರಾನು ಸುಮ್ಮನೆ ಇರುವ ಜಾಗ, ಅದೇ ತಳಸ್ಥಿತಿ. ಅದರ ಎತ್ತರ ಸೊನ್ನೆ. ಮಿಕ್ಕ ಎಲ್ಲವನ್ನೂ ಅಲ್ಲಿಂದ ಅಳೆಯಬೇಕು.

ಮೊಂಡಿಯ ಮೊಂಡುತನ ಇಲ್ಲಿಯೇ ಇತ್ತು. ಹೆಟ್ಟಿ ಮತ್ತು ವರ್ನಾ ಹದಿನೆಂಟು ವರ್ಷ ಕಟ್ಟಿದ ಮೇಲೆ ಅವರ ಕೈಯಲ್ಲಿ ಒಂದಲ್ಲ, ಎರಡು ಮೆಟ್ಟಿಲ ಸಾಲು ಇದ್ದವು. ಒಂದೊಂದರೊಳಗೆ ಮೆಟ್ಟಿಲಿನಿಂದ ಮೆಟ್ಟಿಲಿಗೆ ಎತ್ತರ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಆದರೆ ಒಂದು ಸಾಲಿನಿಂದ ಇನ್ನೊಂದಕ್ಕೆ ಬಿದ್ದ ಗೆರೆ ಒಂದೂ ಸಿಕ್ಕಿರಲಿಲ್ಲ. ಹಾಗಾಗಿ ಎರಡನೆಯ ಸಾಲು ಮೊದಲನೆಯದಕ್ಕಿಂತ ಎಷ್ಟು ಮೇಲಿದೆ, ಅಥವಾ ಕೆಳಗೇ ಇದೆಯೋ, ಯಾವುದರ ಕೆಳಗಿನ ಕಲ್ಲು ನಿಜವಾದ ತಳ, ಯಾರೂ ಹೇಳುವಂತಿರಲಿಲ್ಲ. ಅಂಥ ಸಾಲಿನ ಪ್ರತಿಯೊಂದು ಸಂಖ್ಯೆಯ ಮುಂದೆಯೂ ಪ್ಲಸ್ ಎಕ್ಸ್ ಎಂದು ಬರೆಯುವುದು ಪದ್ಧತಿ. ಎಕ್ಸ್ ಎಂದರೆ ಗೊತ್ತಿಲ್ಲ ಎಂದರ್ಥ. ಹೆಂಗಸರು ಅದನ್ನು ತೇಲುವ ಮೆಟ್ಟಿಲು ಎನ್ನುತ್ತಿದ್ದರು.

ಹೋದ ಅಕ್ಟೋಬರಿನಲ್ಲಿ ವರ್ನಾ ಎಕ್ಸ್ ಕಂಡುಹಿಡಿದಳು. ಸಾವಿರದ ಎಂಟುನೂರ ನಲವತ್ತಾರು, ಬಿಂದು ಎರಡು ಎರಡು. ಎರಡು ಸಾಲನ್ನೂ ಜೋಡಿಸುವ ಗೆರೆ ಒಂದಲ್ಲ ಎರಡು ಸಿಕ್ಕಿದ್ದವು, ಎರಡೂ ಅದೇ ಸಂಖ್ಯೆ ಕೊಟ್ಟವು. ಒಂದೇ ಆದರೆ ಕಾಕತಾಳೀಯ ಎನ್ನಬಹುದು, ಎರಡಾದರೆ ಪುರಾವೆ. ಈಗ ಪ್ರಯೋಗಶಾಲೆಯ ಪುಸ್ತಕದ ಮೊಂಡಿಯ ಪುಟ ಅಚ್ಚಿನ ಕರಡಾಗಿ ಬಂದು ಮೇಜಿನ ಮೇಲಿತ್ತು, ಪ್ಲಸ್ ಎಕ್ಸ್ ಇಲ್ಲದೆ. ಅದು ಶುಕ್ರವಾರ ಮುದ್ರಣಕ್ಕೆ ಹೋಗಬೇಕು. ಈ ಹೊಸ ಪ್ಲೇಟನ್ನು ಪಶ್ಚಿಮ ಕರಾವಳಿಯ ಇನ್ನೊಂದು ಪ್ರಯೋಗಶಾಲೆಯಿಂದ ನವೆಂಬರಿನಲ್ಲಿ ವರ್ನಾಳೇ ಕೇಳಿ ಬರೆದಿದ್ದಳು. ಬೇರೆ ಉಪಕರಣದಲ್ಲಿ ಒಮ್ಮೆ ನೋಡಿಬಿಡೋಣ ಎಂಬ ಶಿಸ್ತು ಅಷ್ಟೇ. ಕೇಳಿದ್ದೇ ಮರೆತುಹೋಗಿತ್ತು. ಸೋಮವಾರ ಹತ್ತಿಯಲ್ಲಿ ಸುತ್ತಿ ಬಂತು.

ಜೋಡಿಸುವ ಮೊದಲ ಗೆರೆ ನೂರ ಹದಿನೆಂಟರಲ್ಲಿ ಬಂದಿರಲಿಲ್ಲ. ಎರಡನೆಯದು ನೂರ ಅರವತ್ತನಾಲ್ಕರ ಹತ್ತಿರ ಬರಬೇಕಿತ್ತು. ಕಾರ್ಮೆಲಾ ನೂರ ಅರವತ್ತಮೂರು ಓದಿದಳು, ನೂರ ಅರವತ್ತೈದು ಓದಿದಳು. ವರ್ನಾ ಎರಡನ್ನೂ ಬರೆದಳು. ಆಮೇಲೆ ಇನ್ನೂ ಎಂಬತ್ತು ಗೆರೆ ಬರೆದಳು.

"ಮುಗೀತು," ಎಂದು ಕಾರ್ಮೆಲಾ ಕಣ್ಣು ಉಜ್ಜಿಕೊಂಡಳು. "ಏನಮ್ಮ ಇದು, ಎಷ್ಟು ಚೊಕ್ಕ ಪ್ಲೇಟು. ನಮ್ಮದರ ಥರ ಕಸ ಇಲ್ಲ. ನೀವು ಕಾಯ್ತಿದ್ದದ್ದು ಸಿಕ್ತಾ?"

"ನಾನೇನೂ ಕಾಯ್ತಿರಲಿಲ್ಲ."

"ಸರಿ ಬಿಡಿ. ಪೆನ್ನಂತೂ ಚೆನ್ನಾಗಿ ಓಡ್ತು," ಎಂದು ಅವಳು ಊಟದ ಡಬ್ಬಿ ಎತ್ತಿಕೊಂಡು ಮೇಲೆ ಹೋದಳು.

ಮಧ್ಯಾಹ್ನ ವರ್ನಾ ಹಳೆಯ ಪ್ಲೇಟನ್ನು ಕಪಾಟಿನಿಂದ ತೆಗೆದಳು. ತನ್ನ ಮೊದಲ ಗೆರೆ ಅಲ್ಲಿಯೇ ಇತ್ತು, ನಯವಾಗಿ, ನೇರವಾಗಿ, ಯಾವ ಗೆರೆಗೂ ಕಡಿಮೆಯಿಲ್ಲದ ಹಾಗೆ. ಅವಳು ಅದರ ಎಡಕ್ಕೆ ಸರಿದು ಹತ್ತಿರದ ಅತಿ ದಪ್ಪ ಗೆರೆಯವರೆಗಿನ ದೂರ ಅಳೆದಳು. ಆಮೇಲೆ ಆ ದಪ್ಪ ಗೆರೆಯ ಇನ್ನೊಂದು ಬದಿಗೆ ಅಷ್ಟೇ ದೂರ ಹೋದಳು. ಅಲ್ಲಿ ಇನ್ನೊಂದು ಗೆರೆ ಇತ್ತು. ಸಾವಿರದ ಒಂಬೈನೂರ ನಲವತ್ತಮೂರರಲ್ಲಿ ಹೆಟ್ಟಿ ಹೆಸರಿಟ್ಟ, ಮೊದಲನೆಯ ಸಾಲಿಗೆ ಸೇರಿದ, ಸಂಶಯವೇ ಇಲ್ಲದ ಗೆರೆ.

ಅದರ ಅಡಿಯಲ್ಲೇ ತನ್ನ ಗೆರೆಯ ಜೋಡಿ ಅಡಗಿತ್ತು.

ಬೆಳಕನ್ನು ಬಿಡಿಸಿ ಹರಡುವ ಗೀರುಗನ್ನಡಿಯ ಮೇಲೆ ಅಂಗುಲಕ್ಕೆ ಹದಿನೈದು ಸಾವಿರ ಗೀರು. ಗೀರು ಹಾಕಿದ ಯಂತ್ರದ ತಿರುಪಿನಲ್ಲಿ ಎಲ್ಲೋ ಕೂದಲೆಳೆಯ ಲೋಪವಿದ್ದರೆ ಪ್ರತಿ ದಪ್ಪ ಗೆರೆಯ ಎರಡೂ ಬದಿಗೆ ಸರಿಸಮ ದೂರದಲ್ಲಿ ಒಂದೊಂದು ಸುಳ್ಳು ಗೆರೆ ಏಳುತ್ತದೆ. ಲೋಹದಲ್ಲಿ ಅಂಥದೇನೂ ನಡೆದಿರುವುದಿಲ್ಲ, ಯಾವ ಎಲೆಕ್ಟ್ರಾನೂ ಬಿದ್ದಿರುವುದಿಲ್ಲ. ಈ ಕಸುಬಿನವರು ಅದನ್ನು ದೆವ್ವ ಎನ್ನುತ್ತಾರೆ. ದೆವ್ವ ಯಾವಾಗಲೂ ಜೋಡಿಯಾಗಿ ಬರುತ್ತದೆ. ಒಂಟಿಯಾಗಿದ್ದರೆ ನಿಜವಾದ ಗೆರೆ. ಕೆಲಸಕ್ಕೆ ಸೇರಿದ ಮೊದಲ ವಾರವೇ ಕಲಿಸುವ ಪಾಠ. ವರ್ನಾ ತಾನೇ ಎಷ್ಟು ಜನಕ್ಕೆ ಕಲಿಸಿರಲಿಲ್ಲ. ಅವಳ ಗೆರೆ ಒಂಟಿಯಾಗಿ ಕಂಡಿತ್ತು, ಯಾಕೆಂದರೆ ಅದರ ಜೋಡಿ ಹೆಟ್ಟಿಯ ಗೆರೆಯ ಸೆರಗಿನಡಿ ಕೂತಿತ್ತು. ಒಂಬತ್ತು ಗಂಟೆ ಕಾಲ ಬೆಳಕು ಕುಡಿದ ಪ್ಲೇಟು ಅದು, ಅಷ್ಟು ದೂರದ ದೆವ್ವ ಕಾಣಿಸುವುದು ಅಂಥದ್ದರಲ್ಲೇ. ಇದೆಲ್ಲ ಅಕ್ಟೋಬರಿನಲ್ಲೂ ಅವಳಿಗೆ ಗೊತ್ತಿದ್ದದ್ದೇ. ನೋಡಬೇಕಾದಷ್ಟು ನೋಡಲಿಲ್ಲ.

ಎರಡನೆಯ ಗೆರೆಗೆ ಇಷ್ಟು ನೆಪವೂ ಇರಲಿಲ್ಲ. ವರ್ನಾ ತಿರುಪು ತಿರುವಿ ಅದರ ಜಾಗಕ್ಕೆ ಹೋದಳು. ಕಾಡಿಗೆಯ ಪುಡಿ ಚೆಲ್ಲಿದಂತೆ ಚುಕ್ಕೆಚುಕ್ಕೆಯ ಗಾಜು. ದೀಪ ತಗ್ಗಿಸಿ ನೋಡಿದಳು, ಏರಿಸಿ ನೋಡಿದಳು. ಏನೂ ಇರಲಿಲ್ಲ. ಪುಸ್ತಕದಲ್ಲಿ ಅವಳದೇ ಅಕ್ಷರದಲ್ಲಿ ಮೂರು ಸಲ ಅಳೆದ ಮೂರು ಸಂಖ್ಯೆ, ಒಂದಕ್ಕೊಂದು ತೀರ ಹತ್ತಿರ, ಅದರ ಕೆಳಗೆ ಸರಾಸರಿ.

ಹೆಟ್ಟಿ ಹೋದ ವಸಂತದಲ್ಲಿ ಕಣ್ಣು ಸೋತು ಕೆಲಸ ಬಿಟ್ಟಿದ್ದಳು. ಜನವರಿಯಲ್ಲಿ ಕಾರ್ಮೆಲಾ ಬರುವವರೆಗೆ ಆ ಕೋಣೆಯಲ್ಲಿ ವರ್ನಾ ಒಬ್ಬಳೇ. ಎಲ್ಲಿ ಗೆರೆ ಇರಬೇಕು ಎಂದು ಲೆಕ್ಕ ಹಾಕುತ್ತಿದ್ದವಳೂ ಅವಳೇ, ಇದೆಯೇ ಎಂದು ನೋಡುತ್ತಿದ್ದವಳೂ ಅವಳೇ. ಮನೆಯಲ್ಲೂ ಅಡುಗೆಮನೆಯ ಮೇಜಿನ ತುಂಬ ಸಂಖ್ಯೆಗಳ ಉದ್ದುದ್ದ ಕಾಗದದ ಪಟ್ಟಿ. ಒಂದರ ಪಕ್ಕ ಒಂದನ್ನು ಸರಿಸುತ್ತ ಹೊಂದುವ ಜಾಗ ಹುಡುಕುತ್ತ ನಿಂತೇ ಉಣ್ಣುತ್ತಿದ್ದಳು. ಊಟದ ಹೊತ್ತಿಗೆ ಎದುರು ಕೂತು "ಸಾಕು ಬಾರೇ, ಮೊಂಡಿ ಎಲ್ಲೂ ಓಡಿಹೋಗಲ್ಲ" ಎನ್ನಲು ಕೋಣೆಯಲ್ಲಿ ಹೆಟ್ಟಿ ಇರಲಿಲ್ಲ. ಅಕ್ಟೋಬರಿನ ಹದಿನಾಲ್ಕಕ್ಕೆ ಹೆಟ್ಟಿಯ ಕಣ್ಣಿನ ಶಸ್ತ್ರಚಿಕಿತ್ಸೆ ನಿಗದಿಯಾಗಿತ್ತು. ಯಾವುದಕ್ಕೂ ಹೆದರದವಳು ಅದಕ್ಕೆ ಹೆದರಿದ್ದಳು. ಹದಿಮೂರನೆಯ ತಾರೀಕು ಆಸ್ಪತ್ರೆಯಲ್ಲಿ ಅವಳ ಹಾಸಿಗೆಯ ಹತ್ತಿರ ಹೋಗುವಾಗ ವರ್ನಾಗೆ ಕೈಯಲ್ಲಿ ಏನಾದರೂ ಬೇಕಾಗಿತ್ತು. ಹೂವು ಒಯ್ಯುವಂಥ ಗೆಳೆತನ ಅವರದಾಗಿರಲಿಲ್ಲ. ಸಂಖ್ಯೆ ಒಯ್ದಳು.

"ಎರಡನೆಯ ಗೆರೆ ಯಾರು ಓದಿದರು?" ಎಂದು ಹೆಟ್ಟಿ ಆವತ್ತು ಕೇಳಿದ್ದಳು.

"ಮೇಲಿನಿಂದ ಒಬ್ಬಳನ್ನ ಕಳಿಸಿದ್ದರು," ಎಂದಿದ್ದಳು ವರ್ನಾ.

ಬುಧವಾರ ಅವಳು ನಾಲ್ಕನೆಯ ಮಹಡಿಗೆ ಹೋಗಿ ವಿಭಾಗದ ಮುಖ್ಯಸ್ಥ ಡಾಕ್ಟರ್ ಆನ್ಸೆಲ್ ವಿಕ್‌ಹ್ಯಾಮ್ ಮುಂದೆ ಎರಡು ಪ್ಲೇಟನ್ನೂ ಇಟ್ಟಳು. ಆತ ಕೆಟ್ಟ ಮನುಷ್ಯನಲ್ಲ. ಪೈಪಿಗೆ ಹೊಗೆಸೊಪ್ಪು ತುಂಬುತ್ತ ಪೂರ್ತಿ ಕೇಳಿಸಿಕೊಂಡ.

"ಕೂತ್ಕೊಳ್ಳಿ, ಮಿಸ್ ಲಿಂಡ್ವಾಲ್."

"ಪರವಾಗಿಲ್ಲ."

"ತೆಳುವಾದ ಗೆರೆ. ಆ ಪ್ಲೇಟಿಗೆ ಬೆಳಕು ಸಾಲದೆ ಬಂದಿಲ್ಲದೆ ಇರಬಹುದಲ್ಲ?"

"ಅದಕ್ಕಿಂತ ತೆಳುವಾದದ್ದು ಅರವತ್ತು ಬಂದಿದೆ."

"ಎರಡನೆಯದು?"

"ಎರಡನೆಯದು ಇಲ್ಲ. ಯಾವತ್ತೂ ಇರಲಿಲ್ಲ."

"ನೀವು ಮೂರು ಸಲ ಅಳೆದಿದೀರಿ."

"ಹೌದು. ಮೂರು ಸಲ ಅಳೆದಿದೀನಿ."

ಆತ ಕಡ್ಡಿ ಗೀರಿದ, ಪೈಪು ಹತ್ತಿಸದೆ ಆರಿಸಿದ. ಮೂವತ್ತು ವರ್ಷ ಈ ಕೆಲಸದಲ್ಲಿದ್ದವನಿಗೆ ಅದರ ಅರ್ಥ ಬಿಡಿಸಿ ಹೇಳಬೇಕಾಗಿರಲಿಲ್ಲ. ಅವಳ ಮುಖ ನೋಡದೆ ಕಿಟಕಿಯ ಕಡೆ ನೋಡಿದ್ದೊಂದು ಉಪಕಾರ.

"ನೋಡಿ," ಎಂದ. "ಇನ್ನು ಹತ್ತು ವರ್ಷ ಯಾರೂ ಆ ಲೋಹದ ತಂಟೆಗೆ ಹೋಗಲ್ಲ. ಹೋದವರು ಬೇಕಾದರೆ ತಿದ್ದಿಕೊಳ್ತಾರೆ. ನೀವು ಪ್ಲಸ್ ಎಕ್ಸ್ ಹಾಕಿದರೆ ಹಾಕಿದ್ದೇ. ಜುಲೈಯಿಂದ ಆ ಕೋಣೆ ಬೇರೆ ಕೆಲಸಕ್ಕೆ. ಮತ್ತೆ ಹುಡುಕೋದಕ್ಕೆ ನಾನು ನಿಮಗೆ ಒಂದು ಗಂಟೆ ಕೊಡೋಕೂ ಆಗಲ್ಲ."

"ಗೊತ್ತು."

"ಅಡಿಟಿಪ್ಪಣಿನೂ ಹೋಗುತ್ತೆ."

ಅದೂ ಗೊತ್ತಿತ್ತು. ಮೆಟ್ಟಿಲುಗಳೆಲ್ಲ ಪ್ರಯೋಗಶಾಲೆಯ ಹೆಸರಿನಲ್ಲಿ ಅಚ್ಚಾಗುತ್ತವೆ. ಪುಟದ ಕೆಳಗೆ ಚಿಕ್ಕ ಅಕ್ಷರದಲ್ಲಿ ಒಂದು ಸಾಲು: ಎರಡು ಸಾಲುಗಳ ಜೋಡಣೆ ಎಚ್. ಕ್ವಾರ್ಲ್ಸ್ ಮತ್ತು ವಿ. ಲಿಂಡ್ವಾಲ್ ಅವರದು. ಜೋಡಣೆಯೇ ಇಲ್ಲದ ಮೇಲೆ ಆ ಸಾಲಿಗೆ ಜಾಗವಿಲ್ಲ. ಹತ್ತೊಂಬತ್ತು ವರ್ಷದಲ್ಲಿ ಅವರ ಹೆಸರು ಅಚ್ಚಾಗುವುದು ಅದೊಂದೇ ಕಡೆ.

"ನಾಳೆ ಮಧ್ಯಾಹ್ನ ನನಗೆ ರಜೆ ಬೇಕು," ಎಂದಳು ವರ್ನಾ.

ಮೆಟ್ಟಿಲಿಳಿದು ಬರುವಾಗಲೇ ಅವಳು ಒಂದು ತೀರ್ಮಾನಕ್ಕೆ ಬಂದಿದ್ದಳು. ಪುಟದ ಮೇಲೆ ಪ್ಲಸ್ ಎಕ್ಸ್ ಬರುತ್ತದೆ. ಹೆಟ್ಟಿಗೆ ಮಾತ್ರ ಅದು ತಿಳಿಯಬೇಕಾಗಿಲ್ಲ. ಶಸ್ತ್ರಚಿಕಿತ್ಸೆ ಫಲ ಕೊಟ್ಟಿರಲಿಲ್ಲ, ಹೆಟ್ಟಿಗೆ ಈಗ ಕಿಟಕಿ ಎಲ್ಲಿದೆ ಎಂಬುದಷ್ಟೇ ಕಾಣುತ್ತಿತ್ತು. ಅವಳ ತಂಗಿ ಫ್ಲಾಸಿ ಅಡುಗೆ ಪುಸ್ತಕವನ್ನೂ ಓದುವವಳಲ್ಲ. ಗುರುವಾರ ಹೋಗಿ ಕರಡಿನ ಅಡಿಟಿಪ್ಪಣಿಯನ್ನು ಒಂದು ಸಲ ಓದಿ ಹೇಳಿ ಬಂದುಬಿಟ್ಟರೆ, ಲೋಕಕ್ಕೆ ಎಕ್ಸ್, ಹೆಟ್ಟಿಗೆ ಸಂಖ್ಯೆ. ಒಬ್ಬ ಕುರುಡಿಗೆ ಒಂದು ಸಂಖ್ಯೆ ಬಿಟ್ಟುಕೊಡುವುದರಿಂದ ಯಾರ ಗಂಟೂ ಹೋಗುವುದಿಲ್ಲ.

ಟ್ರಾಮಿನಿಂದ ಇಳಿದಾಗ ಬಿಸಿಲಿತ್ತು. ಸಾಲಿಗೆ ಸಾಲು ಇಟ್ಟಿಗೆಯ ಮನೆ, ಪ್ರತಿ ಮನೆಗೂ ಮೂರು ಬಿಳಿ ಅಮೃತಶಿಲೆಯ ಮೆಟ್ಟಿಲು. ಫ್ಲಾಸಿ ಮಂಡಿಯೂರಿ ಉಜ್ಜುಕಲ್ಲಿನಿಂದ ನಡುವಿನ ಮೆಟ್ಟಿಲನ್ನು ತಿಕ್ಕುತ್ತಿದ್ದಳು.

"ಗುರುವಾರ ಬಂದೆ? ಯಾರು ಸತ್ತರು?" ಎಂದಳು.

"ಯಾರೂ ಇಲ್ಲ. ಬನ್ನು ತಂದೆ."

"ಮೇಲಿನದು ಒದ್ದೆ. ಕೆಳಗಿನದು ಇನ್ನೂ ಕೊಳೆ. ದಾಟಿಕೊಂಡು ಹೋಗು, ತುಳಿದರೆ ನಿನ್ನ ಕೈಲೇ ತಿಕ್ಕಿಸ್ತೀನಿ."

ಹೆಟ್ಟಿ ಮುಂದಿನ ಕೋಣೆಯಲ್ಲಿ ಕಿಟಕಿಯ ಪಕ್ಕ ಕೂತಿದ್ದಳು. ರೇಡಿಯೊದಲ್ಲಿ ಬೇಸ್‌ಬಾಲ್ ಪಂದ್ಯ ಸಣ್ಣಗೆ ನಡೆದಿತ್ತು, ಊರಿನ ತಂಡ ಸೋಲುತ್ತಿತ್ತು. ಅರವತ್ತನಾಲ್ಕಕ್ಕೆ ಮೈ ಇಳಿದುಹೋಗಿತ್ತು. ಧ್ವನಿ ಮಾತ್ರ ಹಾಗೆಯೇ, ಸಂಖ್ಯೆ ಓದುವವಳ ಧ್ವನಿ, ಪ್ರತಿ ಅಕ್ಷರಕ್ಕೂ ಅದರದರ ಜಾಗ.

"ನಿನ್ನ ಹೆಜ್ಜೆ ಭಾನುವಾರದ್ದು," ಎಂದಳು. "ಇವತ್ತು ಯಾಕೆ?"

"ಪುಟ ಬಂದಿದೆ. ಕರಡು."

ಹೆಟ್ಟಿ ಕೈ ಚಾಚಿ ತಡಕಿ ರೇಡಿಯೊ ಆರಿಸಿದಳು. "ಕಣ್ಣಿನ ಡಾಕ್ಟರಿಗೆ ಹೋದ ವಾರ ಹೇಳಿದೆ, ಸಾವಿರದ ಎಂಟುನೂರ ನಲವತ್ತಾರು ಬಿಂದು ಎರಡು ಎರಡು ಅಂತ. ನನ್ನ ಕನ್ನಡಕದ ನಂಬರು ಅಂದ್ಕೊಂಡ ಪಾಪ." ನಕ್ಕಳು. "ನಿದ್ದೆ ಬರದಿದ್ದರೆ ಅದನ್ನೇ ಹೇಳ್ಕೋತೀನಿ ಕಣೇ. ಫ್ಲಾಸಿ ಜಪ ಮಾಡ್ತಾಳಲ್ಲ, ಹಾಗೆ. ಓದು."

ವರ್ನಾ ಕೈಚೀಲದಿಂದ ಕರಡು ತೆಗೆದಳು. ಕಾಗದದ ಸಪ್ಪಳವಾಯಿತು. ಹೆಟ್ಟಿ ತಲೆಯನ್ನು ಒಂದಿಷ್ಟು ವಾಲಿಸಿ ಕೂತಳು, ಹದಿನೆಂಟು ವರ್ಷ ಸೂಕ್ಷ್ಮದರ್ಶಕದ ಮೇಲೆ ಬಾಗಿದ್ದ ಹಾಗೆಯೇ, ಬಲಗಿವಿ ವರ್ನಾಳ ಕಡೆಗೆ.

"ಎರಡು ಸಾಲುಗಳ ಜೋಡಣೆ ಎಚ್. ಕ್ವಾರ್ಲ್ಸ್ ಮತ್ತು ವಿ. ಲಿಂಡ್ವಾಲ್ ಅವರದು," ಎಂದು ವರ್ನಾ ಓದಿದಳು. "ಎರಡನೆಯ ಸಾಲಿನ ತಳದ ಎತ್ತರ... ಸಾವಿರದ ಎಂಟುನೂರ ನಲವತ್ತಾರು, ಬಿಂದು ಎರಡು ಎರಡು."

ಹೊರಗೆ ಫ್ಲಾಸಿಯ ಕಲ್ಲು ಒಂದೇ ಸಮ ತಿಕ್ಕುತ್ತಿತ್ತು.

"ಪೆನ್ನು ನಿಂತಿತು," ಎಂದಳು ಹೆಟ್ಟಿ.

"ಏನು?"

"ಸಾವಿರಕ್ಕೆ ಮುಂಚೆ. ನಿಂತಿತು."

"ಅಕ್ಷರ ಚಿಕ್ಕದು. ಕಾಣಲಿಲ್ಲ."

"ನಿನಗೆ?" ಹೆಟ್ಟಿ ಕಾಣದ ಕಣ್ಣನ್ನು ಅವಳ ಕಡೆ ತಿರುಗಿಸಿದಳು. "ಎರಡನೆಯ ಗೆರೆ ಯಾರು ಓದಿದ್ದು ಅಂದೆ, ವರ್ನಾ?"

ಸುಳ್ಳು ಸಿದ್ಧವಾಗಿಯೇ ಇತ್ತು. ಆರು ತಿಂಗಳಿನಿಂದ ಇತ್ತು. ವರ್ನಾ ಬಾಯಿ ತೆರೆದಳು, ಆದರೆ ಆ ವಾಲಿದ ತಲೆ, ಆ ಕಿವಿ. ಅದರ ಮುಂದೆ ಅವಳು ಒಂದು ದಿನವೂ ತಪ್ಪು ಸಂಖ್ಯೆ ಬರೆದವಳಲ್ಲ.

"ನಾನೇ," ಎಂದಳು.

"ಲೆಕ್ಕ ಹಾಕಿದ್ದು?"

"ನಾನೇ."

"ಮೊದಲನೆಯದು?"

"ದೆವ್ವ. ಜೋಡಿ ನಿನ್ನ ನಲವತ್ತಮೂರರ ಗೆರೆಯ ಅಡಿಯಲ್ಲಿದೆ. ಹೊಸ ಗೀರುಗನ್ನಡಿಯಲ್ಲಿ ಎರಡೂ ಇಲ್ಲ. ಮಂಗಳವಾರ ಗೊತ್ತಾಯಿತು."

ಹೆಟ್ಟಿಯ ಬೆರಳು ಮಡಿಲ ಮೇಲೆ ಸಣ್ಣಗೆ ತಿರುಗುತ್ತಿತ್ತು, ತಿರುಪು ಹಿಡಿದ ಹಾಗೆ.

"ಅಕ್ಟೋಬರಿನಲ್ಲೂ ನಿಂತಿತ್ತು," ಎಂದಳು ಕಡೆಗೆ. "ನೀನು ಆಸ್ಪತ್ರೆಗೆ ಬಂದು ಹೇಳಿದಾಗಲೂ ಸಾವಿರಕ್ಕೆ ಮುಂಚೆ ನಿಂತಿತ್ತು. ನನಗೆ ಕೇಳಿಸಿತ್ತು. ಆವತ್ತು ನನಗೆ ಬೇಕಾಗಿತ್ತು, ಬಿಟ್ಟುಬಿಟ್ಟೆ."

"ಹೆಟ್ಟಿ."

"ಹಾಗಾದರೆ ಇಬ್ಬರೂ ನೋಡಿದ್ವಿ ಅನ್ನು. ಇಲ್ಲದ ಗೆರೇನ."

"ನಾನು ಇವತ್ತು ಹೇಳಬಾರದು ಅಂತಲೇ ಬಂದದ್ದು."

"ಹೇಳದೆ ಹೋಗಿದ್ದರೆ ಆಗ್ತಿತ್ತು ಕಣೇ."

"ನೀನು ಕೇಳಿದೆ."

"ಕೇಳಿದೆ. ಅಭ್ಯಾಸ." ಹೆಟ್ಟಿಯ ಮುಖ ಕಿಟಕಿಯ ಕಡೆಗೆ ಹೊರಳಿತು. ಕಿಟಕಿಯ ಬಲೆಯ ಮೇಲೆ ಬಣ್ಣದಲ್ಲಿ ಬರೆದ ಕೆಂಪು ಮಾಡಿನ ಮನೆ, ಕೊಳ, ಎರಡು ಹಂಸ. ಅದು ಅವಳಿಗೆ ಬರೀ ಬೆಳಕಿನ ಒಂದು ಚೌಕ. "ಒಬ್ಬಳು ಓದಬೇಕು, ಇನ್ನೊಬ್ಬಳು ಬರೀಬೇಕು. ಅಷ್ಟೇ ಇದ್ದದ್ದು ನಮಗೆ. ಅದನ್ನೂ ನೀನು ಒಬ್ಬಳೇ ಮಾಡಿದೆ."

ವರ್ನಾಗೆ ಹೇಳುವುದು ಬಹಳ ಇತ್ತು. ನಿನ್ನ ಸ್ಟೂಲು ಖಾಲಿ ಇತ್ತು ಎನ್ನಬಹುದಿತ್ತು. ನಿನಗೆ ಹೆದರಿಕೆಯಾಗಿತ್ತು, ಅದನ್ನು ನೋಡಲಾರದೆ ಹೋದೆ ಎನ್ನಬಹುದಿತ್ತು. ಅಂಥ ಮಾತು ಅವರಿಬ್ಬರ ನಡುವೆ ಎಂದೂ ನಡೆದಿರಲಿಲ್ಲ. ಹದಿನೆಂಟು ವರ್ಷ ದಿನಕ್ಕೆ ಎಂಟು ಗಂಟೆ ಮಾತಾಡಿದ್ದೆಲ್ಲ ಸಂಖ್ಯೆ. ಈಗ ತೆಗೆಯಲು ಹೋದರೆ ಅದು ಯಾವ ಮೆಟ್ಟಿಲಿನಿಂದ ಶುರುವಾಗಬೇಕು ಎಂದೇ ಅವಳಿಗೆ ತಿಳಿಯಲಿಲ್ಲ.

"ಹಳೇ ಪ್ಲೇಟುಗಳಲ್ಲಿ ಮತ್ತೆ ಹುಡುಕ್ತೀನಿ," ಎಂದಳು. "ಮನೇಲಿ ಪಟ್ಟಿಗಳೆಲ್ಲ ಇವೆ."

"ಜುಲೈಗೆ ಕೋಣೆ ಹೋಗುತ್ತೆ ಅಂತ ನೀನೇ ಹೇಳಿದ್ದೆ. ಪ್ಲೇಟಿಲ್ಲದೆ ಪಟ್ಟಿ ಇಟ್ಕೊಂಡು ಏನು, ಗೋಡೆಗೆ ಅಂಟಿಸ್ತೀಯಾ?" ಆಮೇಲೆ ಮೆತ್ತಗೆ, ಆದರೆ ಮುಖ ತಿರುಗಿಸದೆ, "ಈ ಭಾನುವಾರ ಬರಬೇಡ."

"ಮುಂದಿನ ಭಾನುವಾರ?"

"ಫ್ಲಾಸಿ ಹತ್ತಿರ ಹೇಳಿ ಕಳಿಸ್ತೀನಿ."

ಫ್ಲಾಸಿಗೆ ಬರೆಯಲು ಬರುತ್ತಿರಲಿಲ್ಲವೆಂದಲ್ಲ, ಬೇಸರ. ಆ ಮನೆಗೆ ಟೆಲಿಫೋನೂ ಇರಲಿಲ್ಲ. ಇದು ಇಬ್ಬರಿಗೂ ಗೊತ್ತಿತ್ತು.

ಬನ್ನಿನ ಪೊಟ್ಟಣವನ್ನು ಹೆಟ್ಟಿಯ ಕೈಗೆ ತಾಗುವಲ್ಲಿ ಇಟ್ಟು ವರ್ನಾ ಎದ್ದಳು. ಬಾಗಿಲು ದಾಟುವಾಗ ಹಿಂದಿನಿಂದ ರೇಡಿಯೊ ಮತ್ತೆ ಶುರುವಾಯಿತು. ಮೂರು ಮೆಟ್ಟಿಲೂ ಈಗ ಒದ್ದೆಯಾಗಿ ಬೆಳ್ಳಗಿದ್ದವು. ಈ ಸಲ ದಾಟದೆ ನಡುವಿನದನ್ನು ತುಳಿದಳು. ಫ್ಲಾಸಿ ಅವಳ ಮುಖ ನೋಡಿ, ತಾನೇ ಆ ಹೆಜ್ಜೆಯ ಗುರುತಿನ ಮೇಲೆ ಬಟ್ಟೆ ಹಾಕಿ ಒರೆಸಿದಳು.

ಶುಕ್ರವಾರ ಎಂಟಕ್ಕೇ ವರ್ನಾ ಕರಡನ್ನು ಬಿಡಿಸಿ ಕೂತಳು. ಎರಡನೆಯ ಸಾಲಿನಲ್ಲಿ ನೂರ ಎಂಬತ್ತಮೂರು ಮೆಟ್ಟಿಲು. ಪ್ರತಿಯೊಂದರಿಂದಲೂ ಸಾವಿರದ ಎಂಟುನೂರ ನಲವತ್ತಾರು ಬಿಂದು ಎರಡು ಎರಡನ್ನು ಕಳೆದು, ಅಚ್ಚಾದ ಸಂಖ್ಯೆಯನ್ನು ಹೊಡೆದುಹಾಕಿ, ಅಂಚಿನಲ್ಲಿ ಹೊಸದನ್ನು ಬರೆದು ಅದರ ಮುಂದೆ ಪ್ಲಸ್ ಎಕ್ಸ್ ಹಾಕಬೇಕು. ಲೆಕ್ಕದ ಯಂತ್ರದ ಮುಂದೆ ಕಾರ್ಮೆಲಾ ಕೂತಳು. ಅಡಿಟಿಪ್ಪಣಿಗೆ ವರ್ನಾ ಮೊದಲೇ ಅಡ್ಡಗೆರೆ ಎಳೆದಿದ್ದಳು. ಕಾರ್ಮೆಲಾ ಅದನ್ನು ನೋಡಿದಳು, ನೋಡಲಿಲ್ಲ ಎನ್ನುವಂತೆ ಪೆನ್ಸಿಲು ಕೆತ್ತಿದಳು.

"ಮೊದಲನೆಯದು ಸೊನ್ನೆ," ಎಂದಳು ಯಂತ್ರದ ಹಿಡಿ ಎಳೆದು.

ವರ್ನಾ ಬರೆದಳು. ಸೊನ್ನೆ ಪ್ಲಸ್ ಎಕ್ಸ್.

"ಎರಡನೆಯದು ನಾನೂರ ಅರವತ್ತೆರಡು, ಬಿಂದು ಸೊನ್ನೆ ಎಂಟು."

ಪ್ಲಸ್ ಎಕ್ಸ್.

ಮೂವತ್ತರ ಹೊತ್ತಿಗೆ ಕಾರ್ಮೆಲಾಗೆ ಸುಮ್ಮನಿರಲು ಆಗಲಿಲ್ಲ. "ಒಂದೇ ಕಡೆ ಮೇಲೆ ಬರೆದುಬಿಟ್ಟರೆ ಆಗಲ್ವಾ? ಇವಕ್ಕೆಲ್ಲ ಎಕ್ಸ್ ಸೇರಿಸಿ ಓದಿಕೊಳ್ಳಿ ಅಂತ?"

"ಪದ್ಧತಿ ಇಲ್ಲ."

"ನನ್ನ ಗಂಡ ಸತ್ತಾಗ ಹೀಗೇ, ಪ್ರತಿ ಕಾಗದದ ಮೇಲೂ ಬೇರೆ ಬೇರೆ ಬರೀಬೇಕಾಗಿತ್ತು. ಬ್ಯಾಂಕಿಗೊಂದು, ಚರ್ಚಿಗೊಂದು, ಹಾಲಿನವನಿಗೊಂದು," ಎಂದಳು ಕಾರ್ಮೆಲಾ. ಯಂತ್ರದ ಹಿಡಿ ಎಳೆದು, "ಈ ಎಕ್ಸ್ ಎಷ್ಟು ಅಂತ ಯಾರಿಗಾದರೂ ಗೊತ್ತಾ?"

"ಮೊಂಡಿಗೆ ಗೊತ್ತು."

"ಅವಳು ಹೇಳಲ್ವಾ?"

"ಹೇಳಿರಬಹುದು. ಆ ಗೆರೆ ನಮ್ಮ ಪ್ಲೇಟಿನ ಮೇಲೆ ಬಂದಿಲ್ಲ."

ಹನ್ನೊಂದಕ್ಕೆ ಮುದ್ರಣದ ಕಡೆಯವನು ಬಂದು ಬಾಗಿಲಲ್ಲಿ ನಿಂತ. ಇನ್ನೂ ಅರವತ್ತು ಉಳಿದಿತ್ತು. ವರ್ನಾ ತಲೆಯೆತ್ತದೆ ಕೈಯಿಂದಲೇ ಕಾಯಲು ಹೇಳಿದಳು. ಮೇಜಿನ ಆಚೆ ಹೆಟ್ಟಿಯ ಸ್ಟೂಲು ಇತ್ತು. ಅದರ ಮೇಲೆ ಕಾರ್ಮೆಲಾ ತನ್ನ ಕೋಟು ಇಟ್ಟಿದ್ದಳು.

"ನೂರ ಇಪ್ಪತ್ತನಾಲ್ಕನೆಯದು," ಎಂದಳು ಕಾರ್ಮೆಲಾ. "ಇಪ್ಪತ್ತೊಂದು ಸಾವಿರದ ಏಳುನೂರ ಮೂರು, ಬಿಂದು ಐದು ಒಂದು."

"ಹೂಂ," ಎಂದಳು ವರ್ನಾ, ಬರೆದಳು. ಪೆನ್ನು ನಿಲ್ಲಲಿಲ್ಲ.